ಚಾಂಗ್‌ತಾಂಗ್: ನೀರು ತೋರಿದ ದಾರಿ

ಲೇಹ್‌ನಿಂದ ಸಿಂಧೂ ದಂಡೆ ಹಿಡಿದು ಹೊರಟರೆ ಉಪ್ಶಿಯಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೊರಳಿದ್ದು ಮನಾಲಿಗೆ. ನದಿಯನ್ನು ಬಿಡದೆ ಸಾಗಿದ್ದು ಲಡಾಖ್‌ನ ಚಾಂಗ್‌ತಾಂಗ್ ಪ್ರಸ್ಥಭೂಮಿಗೆ. ಮುಂಗಾರು ಮೋಡಗಳನ್ನು ಹಿಮಾಲಯ ಆಚೆಯೇ ತಡೆಯುವುದರಿಂದ ಇದು ಶೀತ ಮರುಭೂಮಿ. ಲೇಹ್‌ನಲ್ಲೇ ವರ್ಷದ ಮಳೆ, ಹಿಮ ಎಲ್ಲ ಸೇರಿ ಸುಮಾರು 100 ಮಿ.ಮೀ. ಇಂಥ ಕಡೆ ಊರು, ಬಿಡಾರ, ರಸ್ತೆ ಎಲ್ಲವೂ ನೀರಿದ್ದಲ್ಲಿಗೇ ಬಂದು ಸೇರುತ್ತವೆ.

ಹೊಳೆಯಂಚಿನಲ್ಲೇ ಬಿಸಿನೀರು ಉಕ್ಕುವ ಚುಮಾಥಾಂಗ್ ಕಳೆದು ಮಾಹೆ ಸೇತುವೆ ದಾಟಿದರೆ ಸುಮ್ದೋ. ಅಲ್ಲಿಂದ ಒಂದು ರಸ್ತೆ ತ್ಸೊ ಮೊರಿರಿ ಸರೋವರಕ್ಕೆ, ಇನ್ನೊಂದು ಪುಗಾ ಕಣಿವೆಗೆ. ಸುಮಾರು 4,400 ಮೀಟರ್ ಎತ್ತರದ ಪುಗಾದಲ್ಲಿ ನೀರು 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಕೆಲವು ಬುಗ್ಗೆಗಳ ಬಿಸಿ ಅಲ್ಲಿಯವರೆಗೂ ಏರುತ್ತದೆ. ಭಾರತದ ಭೂಫಲಕ ಏಷ್ಯಾದ ಫಲಕಕ್ಕೆ ಒತ್ತಿ ಕೂಡಿಕೊಂಡ ಸಾಲು ಇಲ್ಲೇ ಹಾಯ್ದಿದೆ. ನೆಲದಾಳದ ಕಾವು ನೀರಿನೊಂದಿಗೆ ಬಿಳಿಗಾರವನ್ನೂ ಗಂಧಕವನ್ನೂ ಮೇಲೆ ತರುತ್ತದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ ಇಲ್ಲಿ ನೆಲದ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದೆ.

ಪೊಲೊಕಾಂಗ್ಕಾ ಕಣಿವೆಮಾರ್ಗ ಹತ್ತಿ ಇಳಿದರೆ ತ್ಸೊ ಕಾರ್ ಸರೋವರ. ಸುತ್ತಲ ಇಳಿಜಾರುಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಉಳಿದಿರುವುದು ಹಳೆಯ ದಡಗಳ ಗುರುತು. ಒಂದು ಕಾಲಕ್ಕೆ ಸರೋವರ ಅಷ್ಟು ಎತ್ತರಕ್ಕೆ ತುಂಬಿತ್ತು. ಹೊರಹರಿವಿಲ್ಲದ ಕಾರಣ ಅದರ ನೀರು ಉಪ್ಪು. ಪಕ್ಕದ ಸ್ಟಾರ್ಟ್ಸಪುಕ್ ಕೆರೆಯದು ಸಿಹಿನೀರು. ಎರಡರ ನಡುವಿನ ಜೌಗು ಹುಲ್ಲುಗಾವಲು ಕಪ್ಪುಕತ್ತಿನ ಕ್ರೌಂಚ ಗೂಡು ಕಟ್ಟುವ ತಾಣ, ಚಾಂಗ್‌ಪಾ ಅಲೆಮಾರಿಗಳ ಪಶ್ಮೀನಾ ಆಡುಗಳಿಗೆ ಮೇವು. 2020ರಲ್ಲಿ ಈ ಜೌಗು ನೆಲೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮನ್ನಣೆ ಸಿಕ್ಕಿತು.

ದಾರಿ ಮುಂದೆ ಮನಾಲಿ ಹೆದ್ದಾರಿಯನ್ನು ಕೂಡುತ್ತದೆ. ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಉದ್ದದ ಮೋರೆ ಬಯಲು, ಉತ್ತರಕ್ಕೆ 5,328 ಮೀಟರ್ ಎತ್ತರದ ತಾಂಗ್ಲಾಂಗ್ ಲಾ ಕಣಿವೆಮಾರ್ಗ.

ಬಯಲು ವಿಶಾಲವಾಗಿದೆಯೆಂದು ಗಾಡಿಯನ್ನು ಎಲ್ಲೆಂದರಲ್ಲಿ ಓಡಿಸುವವರಿದ್ದಾರೆ. ಬೇಸಿಗೆಯ ಕೆಲವೇ ತಿಂಗಳು ಚಿಗುರುವ ಹುಲ್ಲು ಚಕ್ರದಡಿ ನಲುಗಿದರೆ ಬೇಗ ಚೇತರಿಸಿಕೊಳ್ಳದು. ಇನ್ನೊಂದೆಡೆ ಪುಗಾದ ಭೂಶಾಖದಿಂದ ವಿದ್ಯುತ್ ತೆಗೆಯಲು 2021ರಲ್ಲಿ ಒಪ್ಪಂದವಾಯಿತು; 2022ರಲ್ಲಿ ಕೊಳವೆ ಕೊರೆಯುವಾಗ ಉಕ್ಕಿದ ದ್ರವ ತೊರೆಗೆ ಸೇರಿ ಕೆಲಸ ನಿಲ್ಲಿಸಬೇಕಾಯಿತು. ವಿದ್ಯುತ್ತೂ ಬೇಕು, ರಸ್ತೆಯೂ ಬೇಕು. ಆದರೆ ಮಳೆಯ ಭರವಸೆಯಿಲ್ಲದ ಈ ನೆಲದಲ್ಲಿ ಬುಗ್ಗೆ ಕೆಟ್ಟರೆ ಆಡು, ಹಕ್ಕಿ, ಬಿಡಾರಗಳಿಗೆ ಬೇರೆ ನೆಲೆಯಿಲ್ಲ. ಪ್ರವಾಸಿಗರು ರಸ್ತೆ ಬಿಟ್ಟು ಇಳಿಯಬಾರದು, ಯೋಜನೆ ಮಾಡುವವರು ತೊರೆಯನ್ನು ಕಾಯುವ ಏರ್ಪಾಡಿಲ್ಲದೆ ನೆಲ ಕೊರೆಯಬಾರದು.