ಇಕೇಜಾದ ಕಂಪ್ಯೂಟರ್ ಪೇಟೆಯಲ್ಲಿ ಜನರೇಟರ್ ಸದ್ದು

ನೈಜೀರಿಯಾದ ಲಾಗೋಸ್‌ನ ಇಕೇಜಾದಲ್ಲಿ ಒಟಿಗ್ಬಾ ರಸ್ತೆಗೆ ಕಾಲಿಡುತ್ತಿದ್ದಂತೆ ದಲ್ಲಾಳಿ ಹುಡುಗರು ಮುತ್ತಿಕೊಳ್ಳುತ್ತಾರೆ. ‘ಓಗಾ (ಯಜಮಾನ್ರೇ), ಐಫೋನ್ ಬೇಕಾ? ಸ್ಕ್ರೀನ್ ಹಾಕಿಸ್ತೀರಾ?’ ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ಗಿಜಿಗಿಜಿಯನ್ನು ಹತ್ತಾರು ಗಲ್ಲಿಗಳಿಗೆ ಹರಡಿದರೆ ಹೇಗಿರುತ್ತದೋ ಹಾಗಿದೆ ಈ ‘ಕಂಪ್ಯೂಟರ್ ವಿಲೇಜ್’. ಇದು ಮೊದಲು ಮನೆಗಳಿದ್ದ ಬಡಾವಣೆ. 1990ರ ದಶಕದಿಂದೀಚೆಗೆ ಒಂದೊಂದೇ ಮನೆ ಅಂಗಡಿಯಾಗುತ್ತ ಬಂತು. ಪೇಟೆಯನ್ನು ಕಟಂಗೊವಾಕ್ಕೆ ಸಾಗಿಸುತ್ತೇವೆಂದು ಸರ್ಕಾರ ವರ್ಷಗಳಿಂದ ಹೇಳುತ್ತಲೇ ಇದೆ. ಪೇಟೆ ಮಾತ್ರ ಜಗ್ಗಿಲ್ಲ.

ದೊಡ್ಡ ಕೊಡೆಯೊಂದರ ಕೆಳಗೆ ಮೊಣಕಾಲೆತ್ತರದ ಮೇಜು. ಅದರ ಮೇಲೆ ಮೈಕ್ರೋಸ್ಕೋಪ್, ಬಿಸಿಗಾಳಿ ಊದುವ ಗನ್, ಬಿಚ್ಚಿಟ್ಟ ಫೋನು. ರಿಪೇರಿ ಮಾಡುವವರಿಗೆ ಇಲ್ಲಿ ‘ಎಂಜಿನಿಯರ್’ ಎಂದೇ ಹೆಸರು. ಉಗುರಿನಷ್ಟು ಚಿಪ್ಪನ್ನು ಚಿಮಟದಲ್ಲಿ ಎತ್ತುವಷ್ಟರಲ್ಲಿ ಕರೆಂಟು ಹೋಯಿತು. ಎಂಜಿನಿಯರ್ ತಲೆ ಎತ್ತಲಿಲ್ಲ. ಪಕ್ಕದ ಹುಡುಗ ಪುಟ್ಟ ಜನರೇಟರಿನ ಹಗ್ಗ ಎಳೆದ, ಬುಡುಬುಡು ಸದ್ದು, ಹೊಗೆ, ಕೆಲಸ ಮುಂದುವರಿಯಿತು. ಈ ಪುಟ್ಟ ಯಂತ್ರಕ್ಕೆ ಜನ ಇಟ್ಟ ಅಡ್ಡಹೆಸರು ‘ಐ ಬೆಟರ್ ಪಾಸ್ ಮೈ ನೇಬರ್’: ಪಕ್ಕದ ಮನೆಯವನಿಗಿಂತ ನಾನು ವಾಸಿ!

1956ರಲ್ಲಿ ಒಲೊಯಿಬಿರಿಯಲ್ಲಿ ತೈಲ ಸಿಕ್ಕ ದೇಶವಿದು. 20 ಕೋಟಿ ದಾಟಿದ ಜನಸಂಖ್ಯೆಗೆ ಗ್ರಿಡ್ಡಿನಿಂದ ಸಾಮಾನ್ಯವಾಗಿ ಸಿಗುವುದು 4,000ದಿಂದ 5,000 ಮೆಗಾವಾಟ್. ಸರ್ಕಾರಿ ರಿಫೈನರಿಗಳು ವರ್ಷಗಟ್ಟಲೆ ನಿಂತಿದ್ದವು. ಕಚ್ಚಾ ತೈಲ ಮಾರಿ, ಪೆಟ್ರೋಲನ್ನು ಹೊರಗಿನಿಂದ ಕೊಂಡು, ಅದನ್ನು ಸಬ್ಸಿಡಿ ದರದಲ್ಲಿ ಹಂಚಿ, ಆ ಪೆಟ್ರೋಲಿನಲ್ಲಿ ಜನರೇಟರ್ ಓಡಿಸುವ ಈ ವ್ಯವಹಾರ ದಶಕಗಳ ಕಾಲ ನಡೆಯಿತೆಂದರೆ ನಂಬುವುದು ಕಷ್ಟ. ದಿನಕ್ಕೆ 6.5 ಲಕ್ಷ ಬ್ಯಾರೆಲ್ ಸಾಮರ್ಥ್ಯದ ಡಾಂಗೋಟೆ ರಿಫೈನರಿ ಲೆಕ್ಕಿಯಲ್ಲಿ ಕೆಲಸ ಶುರು ಮಾಡಿದ್ದು 2024ರಲ್ಲಿ.

ಅಂಗಡಿಗಳಲ್ಲಿ ಹೊಸ ಫೋನಿಗಿಂತ ‘ಯು.ಕೆ. ಯೂಸ್ಡ್’, ಅಂದರೆ ಹೊರದೇಶದಲ್ಲಿ ಬಳಸಿ ಬಂದ ಫೋನಿಗೆ ಗಿರಾಕಿ ಹೆಚ್ಚು. ಕಾರಣ ಇಲ್ಲಿನ ಹಣ ನೈರಾ. 2023ರ ಮೇ ಕೊನೆಗೆ ಪೆಟ್ರೋಲ್ ಸಬ್ಸಿಡಿ ರದ್ದಾಯಿತು, ಜೂನ್‌ನಲ್ಲಿ ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಸುಮಾರು 470 ನೈರಾ ಇದ್ದ ಡಾಲರ್ ಮುಂದಿನ ವರ್ಷ 1,500 ದಾಟಿತು. ಬೆಳಿಗ್ಗೆ ಹೇಳಿದ ಬೆಲೆ ಸಂಜೆಗಿಲ್ಲ ಎನ್ನುವ ಸ್ಥಿತಿ ಆಗ.

ಅಲ್ಲಿಂದ ಲಾಗೋಸ್‌ನ ಇನ್ನೊಂದು ಭಾಗವಾದ ಯಾಬಾ ಕಡೆಗೆ. ರಸ್ತೆ ತುಂಬ ಹಳದಿ ‘ಕೆಕೆ’ಗಳು, ಅಂದರೆ ನಮ್ಮ ಬಜಾಜ್, ಟಿವಿಎಸ್ ಆಟೋಗಳೇ! ಸ್ಟಾರ್ಟಪ್‌ಗಳನ್ನು ಬೆಳೆಸುವ ಕೋ-ಕ್ರಿಯೇಷನ್ ಹಬ್ ಹುಟ್ಟಿದ್ದು ಯಾಬಾದಲ್ಲಿ. 2016ರಲ್ಲಿ ಫೇಸ್‌ಬುಕ್‌ನ ಜುಕರ್‌ಬರ್ಗ್ ಅಲ್ಲಿಗೆ ಬಂದು ಹೋದರು. ಲಾಗೋಸ್‌ನಲ್ಲೇ ಬೆಳೆದ ಪೇಸ್ಟ್ಯಾಕ್ ಎಂಬ ಪಾವತಿ ಕಂಪನಿಯನ್ನು 2020ರಲ್ಲಿ ಅಮೆರಿಕದ ಸ್ಟ್ರೈಪ್ ಕೊಂಡಿತು. ದೇಶದ ಜಿಡಿಪಿಯಲ್ಲಿ ತೈಲದ ಪಾಲು ಶೇ 10ಕ್ಕಿಂತ ಕಡಿಮೆ. ಮೊಬೈಲು, ಇಂಟರ್ನೆಟ್ಟು, ಮಾಹಿತಿ ಸೇವೆಗಳ ಪಾಲು ಅದಕ್ಕಿಂತ ದೊಡ್ಡದು. ಆದರೆ ರಫ್ತಿನಿಂದ ಬರುವ ಡಾಲರಿನಲ್ಲಿ ಬಹುಪಾಲು ಇಂದಿಗೂ ತೈಲದ್ದು. ತೈಲದ ಬೆಲೆ ಬಿದ್ದರೆ ಡಾಲರ್ ಬತ್ತುತ್ತದೆ, ಸರ್ವರ್ ಬಾಡಿಗೆಯಿಂದ ಹಿಡಿದು ಒಟಿಗ್ಬಾದ ಸ್ಕ್ರೀನಿನವರೆಗೆ ಎಲ್ಲವೂ ತುಟ್ಟಿ. ತೈಲ ಬಿಟ್ಟು ಬದುಕಲು ಹೊರಟವರ ಲಗಾಮೂ ತೈಲದ ಕೈಯಲ್ಲೇ ಇದೆ.

ಲಾಗೋಸ್ ಕರಾವಳಿಗೆ ಇಂಟರ್ನೆಟ್ ಹೊತ್ತು ತರುವ ಸಮುದ್ರದಡಿಯ ಕೇಬಲ್‌ಗಳಿಗೇನೂ ಬರವಿಲ್ಲ. ಮೇನ್‌ಒನ್ 2010ರಲ್ಲಿ ಬಂತು, ಗೂಗಲ್‌ನ ಇಕ್ವಿಯಾನೊ 2022ರಲ್ಲಿ. ಒಳನಾಡಿಗೆ ಎಳೆಯುವಾಗ ತೊಡಕು. ನೆಲ ಅಗೆಯಲು ಮೀಟರಿಗೆ 145 ನೈರಾ ಸಾಕೆಂದು ರಾಜ್ಯಗಳು ಒಪ್ಪಿದ್ದರೂ ಕೆಲವು ಅದರ ಎಷ್ಟೋ ಪಟ್ಟು ಕೇಳಿದವು. ಇನ್ನು ಮೊಬೈಲ್ ಟವರುಗಳ ಬುಡದಲ್ಲೂ ಜನರೇಟರುಗಳೇ. 2025ರ ಜನವರಿಯಲ್ಲಿ ದೂರಸಂಪರ್ಕ ಆಯೋಗ ಕರೆ ಮತ್ತು ಡೇಟಾ ದರವನ್ನು ಶೇ 50ರವರೆಗೆ ಏರಿಸಲು ಒಪ್ಪಿತು. ದರ ಏರಲೇಬೇಕೆಂದು ಕಂಪನಿಗಳು ಮುಂದಿಟ್ಟ ಕಾರಣಗಳಲ್ಲಿ ಡೀಸೆಲ್ ಬೆಲೆಯೂ ಒಂದು.