ರಾತ್ರಿಯ ನೀರು, ಹಗಲಿನ ನಿದ್ರೆ

ಊರ ಅಂಚಿನ ಹೊಲದಲ್ಲಿ ಬೀದಿದೀಪದ ಬೆಳಕು ರಾತ್ರಿಯೆಲ್ಲ ಬೀಳುವ ಕಡೆ ತೊಗರಿ ಹೂ ಬಿಡಲು ತಡಮಾಡುವುದುಂಟು. ಬಿತ್ತಿದ ದಿನ, ಬೀಜ, ಗೊಬ್ಬರ ಎಲ್ಲವೂ ಒಂದೇ ಆಗಿದ್ದರೂ ಹೀಗಾಗುತ್ತದೆ. ತೊಗರಿಯು ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ ಹೂ ಬಿಡುವ ಬೆಳೆ. ಕತ್ತಲೆಯ ನಡುವೆ ಬೆಳಕು ಬಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಹಗಲಿನ ಅವಧಿಗೂ ಹೂವಿಗೂ ಇರುವ ಈ ಸಂಬಂಧವನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಮನುಷ್ಯನ ದೇಹದಲ್ಲಿಯೂ ಬೆಳಕು ಕತ್ತಲೆಗಳ ಲೆಕ್ಕವೊಂದು ನಡೆಯುತ್ತಿರುತ್ತದೆ. ಆದ್ದರಿಂದಲೇ ಬೇಸಾಯಶಾಸ್ತ್ರಜ್ಞನೊಬ್ಬ ನಿದ್ರೆಯ ವಿಷಯ ಬರೆಯಲು ಹೊರಟಿರುವುದನ್ನು ರೈತಬಾಂಧವರು ಅನ್ಯಥಾ ಭಾವಿಸಬಾರದು.

ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಗದ್ದೆಗಳವರಿಗೆ ನೀರು ಬಂದ ಹೊತ್ತೇ ಹೊತ್ತು. ಲಿಂಗಸುಗೂರು, ಮಸ್ಕಿ ಕಡೆ ಕೊಳವೆಬಾವಿ ನಂಬಿದವರು ಮೂರು ಫೇಸ್ ವಿದ್ಯುತ್ತು ರಾತ್ರಿ ಪಾಳಿಗೆ ಬಂದರೆ ರಾತ್ರಿಯೇ ಎದ್ದು ಹೊಲಕ್ಕೆ ನಡೆಯಬೇಕು. ಹಟ್ಟಿ ಚಿನ್ನದ ಗಣಿಯವರೂ ರಾತ್ರಿ ದುಡಿಯುತ್ತಾರೆ. ಆದರೆ ಗಣಿಯ ಪಾಳಿ ಮೊದಲೇ ಗೊತ್ತಿರುತ್ತದೆ. ರೈತನಿಗೆ ಆ ಅನುಕೂಲ ಕಡಿಮೆ. ಬೆಳಗಿನ ಹೊಲಭೇಟಿಗಳಲ್ಲಿ ಮಾತಿನ ನಡುವೆಯೇ ತೂಕಡಿಸುವ ರೈತರನ್ನು ಕಂಡು, ನನ್ನ ಉಪನ್ಯಾಸವೇ ಇದಕ್ಕೆ ಕಾರಣವೆಂದು ಬಹುಕಾಲ ತಿಳಿದಿದ್ದೆ.

ಮುಟ್ಟಿದರೆ ಮುನಿ ಗಿಡವನ್ನು ಕತ್ತಲೆಯಲ್ಲಿಟ್ಟರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತದೆಂದು ಫ್ರಾನ್ಸಿನ ದ ಮೈರಾನ್ 1729ರಲ್ಲಿಯೇ ತಿಳಿಸಿದ್ದನು. ಅಂದರೆ ಗಡಿಯಾರ ಒಳಗೇ ಇದೆ. ನಮ್ಮಲ್ಲಿ ಅದು ಮೆದುಳಿನಲ್ಲಿದ್ದು, ಕಣ್ಣಿಗೆ ಬೀಳುವ ಬೆಳಕು ದಿನವೂ ಅದನ್ನು ಸರಿಹೊಂದಿಸುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸ ರಕ್ತಕ್ಕೆ ಸೇರಿ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುತ್ತದೆ. ರಾತ್ರಿ ಪ್ರಖರ ಬೆಳಕು ಕಂಡರೆ ಮನುಷ್ಯರಲ್ಲಿ ಈ ರಸ ತಗ್ಗುವುದು 1980ರಲ್ಲಿ ಖಚಿತವಾಯಿತು. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮನೆಯ ದೀಪ ಕೆಲವು ನೂರು ಲಕ್ಸ್‌ಗಿಂತ ಹೆಚ್ಚಿರುವುದಿಲ್ಲ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ.

ದೇಹದ ಉಷ್ಣತೆ ಮತ್ತು ಎಚ್ಚರ ಅತ್ಯಂತ ತಗ್ಗುವುದು ನಸುಕಿನ 3ರಿಂದ 5 ಗಂಟೆಯ ಸುಮಾರಿಗೆ. ಬದುವಿನ ಮೇಲೆ ಹಾವು ತುಳಿಯುವುದು, ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟುವುದು ಇಂಥ ಮಂಪರಿನಲ್ಲಿಯೇ. ರಾತ್ರಿ ಪಾಳಿಗೆ ಇಬ್ಬರು ಹೋಗಬೇಕು. ರಬ್ಬರ್ ಬೂಟು, ಬ್ಯಾಟರಿ ಇಲ್ಲದೆ ಹೋಗಲೇಬಾರದು. ರಾತ್ರಿಯೆಲ್ಲ ಎದ್ದವರು ಮರುದಿನ ಬೆಳಿಗ್ಗೆ ಕೀಟನಾಶಕ ಅಳೆದು ಬೆರೆಸುವ ಕೆಲಸಕ್ಕೆ ಕೈ ಹಾಕಬಾರದು. ಸಿಂಪರಣೆ ಒಂದು ದಿನ ತಡವಾದರೆ ಬೆಳೆ ಮುಳುಗುವುದಿಲ್ಲ.

ಹೊಲಕ್ಕೆ ಹೋಗುವ ಮುನ್ನ ಸಂಜೆ ಒಂದೂವರೆ ತಾಸು ಮಲಗಿದರೆ ಬಹಳ ಅನುಕೂಲ. ಚಹಾ ಬೇಕಿದ್ದರೆ ನಡುರಾತ್ರಿಯ ಒಳಗೆ ಮುಗಿಸಬೇಕು. ಅದರ ಪ್ರಭಾವ ಐದಾರು ತಾಸು ಉಳಿದು ಬೆಳಗಿನ ನಿದ್ರೆ ಕೆಡಿಸುತ್ತದೆ. ಬೆಳಗಿನ ಬಿಸಿಲು ಕಂಡೊಡನೆ ದೇಹ ಹಗಲಾಯಿತೆಂದು ಏಳತೊಡಗುತ್ತದೆ. ಆದ್ದರಿಂದ ತಲೆಗೆ ವಸ್ತ್ರ ಮುಂದಕ್ಕೆ ಸುತ್ತಿಕೊಂಡು ಮನೆ ಸೇರಿ, ಅಂಗಳದಲ್ಲಿ ಹರಟೆಗೆ ಕೂಡದೆ ಒಳಕೋಣೆಯಲ್ಲಿ ಮಲಗುವುದು ಲೇಸು. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆ ಮನೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ತಗಡಿನ ಮನೆಯಲ್ಲಿ ಹತ್ತು ಗಂಟೆಯ ಮೇಲೆ ಮಲಗಲಾಗದು. ಬೇವಿನ ನೆರಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗುವುದೇ ಮೇಲು. ಮನೆಯವರೂ ಆ ನಾಲ್ಕು ತಾಸು ಎಬ್ಬಿಸದಂತೆ ನೋಡಿಕೊಳ್ಳಬೇಕು.

ಮನೆಯ ಉಳಿದವರ ನಿದ್ರೆ ಒಂದೇ ಬಗೆಯದಲ್ಲ. ಹುಟ್ಟಿದ ಕೂಸಿಗೆ ಸುಮಾರು 3 ತಿಂಗಳವರೆಗೆ ಹಗಲು ರಾತ್ರಿಯ ಲೆಕ್ಕ ಸರಿಯಾಗಿ ಕೂಡಿರುವುದಿಲ್ಲ. 14ರಿಂದ 17 ತಾಸು ತುಂಡುತುಂಡಾಗಿ ಮಲಗುತ್ತದೆ. ರಾತ್ರಿ ಹಾಲೂಡಿಸುವಾಗ ದೊಡ್ಡ ದೀಪ ಹಚ್ಚದೆ ಸಣ್ಣ ದೀಪದಲ್ಲಿಯೇ ಪೂರೈಸಬೇಕು. ಶಾಲೆಯ ಮಕ್ಕಳಿಗೆ 9ರಿಂದ 11 ತಾಸು ಬೇಕು. ಹದಿಹರೆಯದವರಿಗೆ 8ರಿಂದ 10 ತಾಸು ಬೇಕಾದರೂ, ಆ ವಯಸ್ಸಿನಲ್ಲಿ ಒಳಗಡಿಯಾರವೇ ತಡವಾಗಿ ನಡೆಯುತ್ತದೆ. ಬೆಳಿಗ್ಗೆ ಏಳದ ಮಗನನ್ನು ಸೋಮಾರಿ ಎನ್ನುವ ಮೊದಲು, ರಾತ್ರಿ ಅವನ ಕೈಯಲ್ಲಿ ಮೊಬೈಲ್ ಎಷ್ಟು ಹೊತ್ತಿತ್ತು, ನೀವೇ ಅವನನ್ನು ಎಷ್ಟು ರಾತ್ರಿ ಮೋಟಾರಿಗೆ ಕಳಿಸಿದಿರಿ ಎಂದು ನೋಡಿರಿ. ಪರೀಕ್ಷೆಯ ತಿಂಗಳಲ್ಲಿ ಓದುವ ಮಕ್ಕಳನ್ನು ನೀರಿಗೆ ಕಳಿಸುವುದನ್ನು ನಾನಂತೂ ಒಪ್ಪಲಾರೆ.

ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಅಜ್ಜ ಅಜ್ಜಿ ದಿನವೆಲ್ಲ ಒಳಮನೆಯ ಮಬ್ಬಿನಲ್ಲಿ ತೂಕಡಿಸಿ, ನಸುಕಿನ 3ಕ್ಕೆ ಎದ್ದು ಕೂಡುವುದಕ್ಕೆ ಇದೂ ಒಂದು ಕಾರಣ. ಬೆಳಗಿನ ಮತ್ತು ಸಂಜೆಯ ಎಳೆಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂಡಿಸಿದರೆ ರಾತ್ರಿಯ ನಿದ್ರೆ ಸುಧಾರಿಸಬಹುದು. ಬಚ್ಚಲಿನ ದಾರಿಗೆ ತಗ್ಗಿನಲ್ಲಿ ಒಂದು ಸಣ್ಣ ದೀಪವಿದ್ದರೆ ಬೀಳುವುದು ತಪ್ಪುತ್ತದೆ.

ಇನ್ನು ರಾತ್ರಿ ಪಾಳಿಗಳನ್ನೇ ಕಡಿಮೆ ಮಾಡುವ ಮಾತು. ಭತ್ತಕ್ಕೆ ಸದಾ ನೀರು ನಿಲ್ಲಿಸಬೇಕಾಗಿಲ್ಲ. ನಾಟಿಯಾದ ಎರಡು ವಾರದ ನಂತರ, ರಂಧ್ರ ಕೊರೆದ 30 ಸೆಂ.ಮೀ. ಉದ್ದದ ಪೈಪಿನ ಅರ್ಧ ಭಾಗವನ್ನು ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಬೇಕು. ಪೈಪಿನೊಳಗೆ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ 5 ಸೆಂ.ಮೀ. ನೀರು ಕೊಟ್ಟರೆ ಸಾಕು. ಹೂ ಬಿಡುವ ಹಿಂದಿನ ಮತ್ತು ಮುಂದಿನ ಒಂದೊಂದು ವಾರ ನೀರು ಆರಗೊಡಬಾರದು. ಕಾಲುವೆಯ ಕೊನೆಯಲ್ಲಿ ನೀರನ್ನು ಬಿಟ್ಟುಕೊಟ್ಟರೆ ಮತ್ತೆ ಸಿಗುವ ಭರವಸೆ ಇಲ್ಲದವರಿಗೆ ಈ ಕ್ರಮ ಒಗ್ಗದು. ಕೊಳವೆಬಾವಿಯಿಂದ ಭತ್ತ ಬೆಳೆಯುವವರು ಈ ಹಂಗಾಮಿನಲ್ಲಿ ಒಂದು ಮಡಿಯಲ್ಲಾದರೂ ಪೈಪು ಹೂಳಿ, ಎಷ್ಟು ರಾತ್ರಿ ಮೋಟಾರಿಗೆ ಹೋಗಬೇಕಾಯಿತು ಎಂದು ಬರೆದಿಟ್ಟು ನೋಡಿರಿ.