ನಿಮಗಿದು ಗೊತ್ತೆ? ಹೊಸ ಟರ್ಬೊ ಕಾರೂ ಆಯಿಲ್ ಕುಡಿಯುತ್ತದೆ!
ಟರ್ಬೊ ಎಂಜಿನ್ನಿನ ಹೊಸ ಕಾರಿನಲ್ಲೂ ಎಂಜಿನ್ ಆಯಿಲ್ ಸ್ವಲ್ಪ ಕಡಿಮೆಯಾಗುವುದು ಸಹಜ. ಟರ್ಬೊ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ದಂಡ ಸವೆಯದಂತೆ ಕಾಯುವುದು ಆಯಿಲ್‌ನ ತೆಳು ಪದರ. ಈ ಎಂಜಿನ್‌ಗಳಲ್ಲಿ ಒತ್ತಡ, ಬಿಸಿ ಎರಡೂ ಹೆಚ್ಚು. ಪಿಸ್ಟನ್ ರಿಂಗ್‌ಗಳನ್ನು ದಾಟಿದ ಅಲ್ಪ ಆಯಿಲ್ ಇಂಧನದ ಜತೆ ಉರಿದುಹೋಗುತ್ತದೆ. ಫೋಕ್ಸ್‌ವ್ಯಾಗನ್‌ನ ಹಲವು ಕಾರುಗಳ ಕೈಪಿಡಿಯಲ್ಲಿ 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗಿನ ಖರ್ಚನ್ನು ಮಿತಿಯೆಂದು ನಮೂದಿಸಲಾಗಿದೆ. ಆದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ, ಆಯಿಲ್ ಬೇಗ ಬೇಗ ಇಳಿದರೆ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಳ್ಳುವವರೆಗೆ ಕಾಯಬೇಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಕೆಲವು ನಿಮಿಷಗಳ ಬಳಿಕ ಡಿಪ್‌ಸ್ಟಿಕ್ ತೆಗೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.